ಗಂಜಿನ ಹಳೆ ಪ್ರೋಗ್ರಾಮಿಗೆ ಒಂದು ಕಾಗದ

(ರಾಯಚೂರಿನಲ್ಲಿ ಹಳೆ ಕಂಪ್ಯೂಟರ್ ಕೂಡಿಡುವ ಗೆಳೆಯರು, ಡಿಟಿಪಿ ಅಂಗಡಿಯವರು, ಕಾಲೇಜು ಹುಡುಗರು ಸೇರಿದ್ದ ಕಡೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಬೆಳೆಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ವಕೀಲ ಅಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜಿನ ಅಡತ್ (ದಲ್ಲಾಳಿ) ಅಂಗಡಿಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬಂದವನು. ಹಳೆ ಸಾಫ್ಟ್‌ವೇರ್ ಕೂಡಿಡುವ ಹುಚ್ಚು ಹತ್ತಿದ ಮೇಲೆ ಕಾಪಿರೈಟ್ ಕಾಯ್ದೆಯನ್ನೂ ಓದಬೇಕಾಯಿತು. ಓದಿದಷ್ಟು ಹೇಳುತ್ತೇನೆ. ದೊಡ್ಡ ವಿಷಯಕ್ಕೆ ಕೈಹಾಕುವ ಮುಂಚೆ ವಕೀಲರನ್ನು ಒಂದು ಮಾತು ಕೇಳಿ.

ನಮ್ಮವರು ಯಾವಾಗಲೂ ಕೇಳುವ ಪ್ರಶ್ನೆ ಒಂದೇ. ಮೂವತ್ತು ವರ್ಷ ಹಳೆ ಪ್ರೋಗ್ರಾಮು. ಈಗ ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಕಾಪಿ ಮಾಡಿ ಹಂಚಿದರೆ ಯಾರ ಗಂಟು ಹೋಗುತ್ತೆ? ಗಂಟು ಯಾರದೂ ಹೋಗದೆ ಇರಬಹುದು. ಆದರೆ ಹೊಲ ಬೀಳು ಬಿದ್ದಿದೆ ಅಂದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಇಲ್ಲ ಅಂತ ಆಗುವುದಿಲ್ಲ, ಅಲ್ವಾ?

ನಮ್ಮ ಕಾಪಿರೈಟ್ ಕಾಯ್ದೆ 1957ರದು. ಅದರೊಳಗೆ ಕಂಪ್ಯೂಟರ್ ಪ್ರೋಗ್ರಾಮು ಸೇರಿದ್ದು 1984ರ ತಿದ್ದುಪಡಿಯಲ್ಲಿ. ಸೇರಿಸಿದ್ದು ಕಥೆ, ಕವಿತೆ, ಕಾದಂಬರಿಗಳ ಸಾಲಿನಲ್ಲೇ. ಹಾಗಾಗಿ ಅವಕ್ಕೆ ಇರುವ ಅವಧಿಯೇ ಇದಕ್ಕೂ: ಬರೆದವರು ಬದುಕಿರುವಷ್ಟು ದಿನ, ಅವರು ಹೋದ ಮೇಲೆ ಇನ್ನೂ 60 ವರ್ಷ. ಲೆಕ್ಕ ಹಾಕಿ ನೋಡಿ. 1990ರಲ್ಲಿ 30 ವರ್ಷದ ಒಬ್ಬರು ಹತ್ತಿ ಅಡತಿಗೆ ಬಿಲ್ಲಿಂಗ್ ಪ್ರೋಗ್ರಾಮು ಬರೆದರು ಅಂದುಕೊಳ್ಳಿ. ಅವರು 80 ವರ್ಷ ಬದುಕಿದರೆ ಹಕ್ಕು 2100ನೇ ಇಸವಿಯ ಕೊನೆವರೆಗೂ ಇರುತ್ತದೆ. ಅಷ್ಟೊತ್ತಿಗೆ ಆ ಫ್ಲಾಪಿ ಇರುವುದಿಲ್ಲ, ಅದನ್ನು ಓದುವ ಡ್ರೈವೂ ಇರುವುದಿಲ್ಲ. ಕಾಯುತ್ತಾ ಕೂತರೆ ಆಗುವ ಕೆಲಸ ಇದಲ್ಲ. ಹಕ್ಕಿದ್ದವರನ್ನು ಹೋಗಿ ಕೇಳಬೇಕು.

ಕೇಳಿದರೆ ಕೊಡುತ್ತಾರಾ? ಕೊಡುತ್ತಾರೆ. ಮೈಕ್ರೋಸಾಫ್ಟ್‌ನಂಥ ಕಂಪನಿಯೇ ಕೊಟ್ಟಿದೆ. 2014ರಲ್ಲಿ, ಹಳೆ ಪಿಸಿಗಳನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ ಎಂಎಸ್-ಡಾಸ್ 1.25 ಮತ್ತು 2.0ರ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಸಾಲುಗಳನ್ನು, ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಹೊರಗೆ ಬಿಟ್ಟಿತು. ಆಗ ಷರತ್ತು ಬಿಗಿಯಾಗಿತ್ತು, ವ್ಯಾಪಾರಕ್ಕೆ ಬಳಸುವ ಹಾಗಿರಲಿಲ್ಲ. 2018ರಲ್ಲಿ ಅದನ್ನೇ ಎಂಐಟಿ ಲೈಸೆನ್ಸಿನಡಿ ಮತ್ತೆ ಕೊಟ್ಟಿತು. ಅಂದರೆ ಹೆಸರು, ಕಾಪಿರೈಟ್ ಸಾಲು ಉಳಿಸಿಕೊಂಡು ಏನು ಬೇಕಾದರೂ ಮಾಡಿಕೊಳ್ಳಿ ಅಂತ. 2024ರಲ್ಲಿ ಡಾಸ್ 4.00 ಕೂಡ ಹೀಗೇ ಬಂತು. ಇದರ ಹಿಂದೆ ಇದ್ದದ್ದು ಒಬ್ಬ ಹವ್ಯಾಸಿಯ ಪತ್ರ. ಡಾಸ್ 4ರ ಹಳೆ ಬೀಟಾ (ಪರೀಕ್ಷೆಯ ಆವೃತ್ತಿ) ಬಗ್ಗೆ ಅವನು ಮೈಕ್ರೋಸಾಫ್ಟ್‌ನಲ್ಲಿ ಹಿಂದೆ ದೊಡ್ಡ ಹುದ್ದೆಯಲ್ಲಿದ್ದ ರೇ ಓಝಿ ಅವರನ್ನು ಕೇಳಿದ. ಅವರು ತಮ್ಮ ಹಳೆ ಡಿಸ್ಕುಗಳನ್ನು ಹುಡುಕಿ ತೆಗೆದರು. ಆಮೇಲೆ ಕಂಪನಿಯ ಒಳಗಿನವರು ಹಿಂದೆ ಬಿದ್ದು ಮುಗಿಸಿದರು. ಸುಮ್ನೆ ಕೂತಿದ್ದರೆ ಅದು ಬರುತ್ತಿರಲಿಲ್ಲ.

ಆದರೆ ಇವತ್ತು ನನಗೆ ಹೇಳಬೇಕಿರುವುದು ಸಿಕ್ಕ ಮೇಲಿನ ಕಥೆ. ಕೊಡುವವರಿಗೆ ಮನಸ್ಸಿರುತ್ತದೆ, ತಗೊಳ್ಳುವವರಿಗೆ ಖುಷಿ ಆಗುತ್ತದೆ, ಕಾಗದದಲ್ಲಿ ಮಾತ್ರ ಎರಡು ಪದ ಕಡಿಮೆ ಇರುತ್ತದೆ. ಆ ಎರಡು ಪದ ವರ್ಷಗಟ್ಟಲೆ ಕಾಡುತ್ತದೆ.

ಸಿಪಿ/ಎಂ ಉದಾಹರಣೆ ತಗೊಳ್ಳಿ. ಡಾಸ್ ಬರುವ ಮುಂಚೆ ಸಣ್ಣ ಕಂಪ್ಯೂಟರುಗಳನ್ನು ಆಳಿದ್ದು ಅದು. 1974ರಲ್ಲಿ ಗ್ಯಾರಿ ಕಿಲ್ಡಾಲ್ ಬರೆದದ್ದು. ಅವರ ಡಿಜಿಟಲ್ ರಿಸರ್ಚ್ ಕಂಪನಿಯನ್ನು 1991ರಲ್ಲಿ ನೋವೆಲ್ ಕೊಂಡಿತು. ನೋವೆಲ್‌ನಿಂದ 1996ರಲ್ಲಿ ಕಾಲ್ಡೆರಾಕ್ಕೆ ಹೋಯಿತು, ಅಲ್ಲಿಂದ ಲಿನಿಯೋ. ಕೈಯಿಂದ ಕೈಗೆ. 2001ರಲ್ಲಿ ಲಿನಿಯೋದ ಬ್ರಯಾನ್ ಸ್ಪಾರ್ಕ್ಸ್ ಒಳ್ಳೆ ಮನಸ್ಸಿನಿಂದ ಅನುಮತಿ ಕೊಟ್ಟರು: ಬಳಸಿ, ಹಂಚಿ, ತಿದ್ದಿ. ಎಲ್ಲ ಚೆನ್ನಾಗಿತ್ತು. ಆದರೆ ಆ ಅನುಮತಿಯಲ್ಲಿ ಒಂದು ಸಂಗ್ರಹದ ಹೆಸರು ಬರೆದಿದ್ದರು, ಅದನ್ನು ನೋಡಿಕೊಳ್ಳುವವರಿಗೂ ಅದರ ಬಳಗಕ್ಕೂ ಅಂತ. ಈಗ ಬೇರೆ ಊರಲ್ಲಿ ಝಡ್80 ಚಿಪ್ ಹಾಕಿ ತಾನೇ ಒಂದು ಬೋರ್ಡು ಕಟ್ಟಿದವನಿದ್ದಾನೆ. ಅವನು ಆ ಬಳಗದವನಾ, ಹೊರಗಿನವನಾ? ತನ್ನ ಬೋರ್ಡಿನ ಜೊತೆ ಸಿಪಿ/ಎಂ ಹಾಕಿ ಕೊಡಬಹುದಾ? ಒಬ್ಬರು ಹೂಂ ಅಂದರೆ ಇನ್ನೊಬ್ಬರು ಊಹೂಂ. ಕೊನೆಗೆ 2022ರಲ್ಲಿ ಅದೇ ಸ್ಪಾರ್ಕ್ಸ್, ಈ ಅನುಮತಿ ಎಲ್ಲರಿಗೂ ಸೇರಿದ್ದು ಅಂತ ಮತ್ತೊಮ್ಮೆ ಬರೆದುಕೊಟ್ಟರು. ನಡುವೆ 21 ವರ್ಷ. ನಮ್ಮ ಪುಣ್ಯ, ಅದೇ ಮನುಷ್ಯ ಇದ್ದರು, ಹಕ್ಕೂ ಅವರ ಕಡೆಗೇ ಇತ್ತು. ಇಲ್ಲದಿದ್ದರೆ ಯಾರನ್ನು ಕೇಳಬೇಕಿತ್ತು?

ಯುನಿಕ್ಸ್‌ನದು ಇನ್ನೊಂದು ತರಹ. ಅದೂ ಡಾಸ್ ತರಹ ಯಂತ್ರ ನಡೆಸುವ ತಂತ್ರಾಂಶವೇ. ಬೆಲ್ ಲ್ಯಾಬ್ಸ್‌ನ ಮೊದಲ ಏಳು ಆವೃತ್ತಿಗಳು ಮತ್ತು 32ವಿ ಅನ್ನುವ ಇನ್ನೊಂದನ್ನು 2002ರ ಜನವರಿಯಲ್ಲಿ ಕಾಲ್ಡೆರಾ ಬಿಡುಗಡೆ ಮಾಡಿತು. ಅದಕ್ಕೂ ಮುಂಚೆ, 1998ರಲ್ಲಿ, ಹವ್ಯಾಸಿಗಳಿಗೆ 100 ಡಾಲರಿನ ಲೈಸೆನ್ಸ್ ಇತ್ತು. ಆಸ್ಟ್ರೇಲಿಯಾದ ವಾರೆನ್ ಟೂಮಿ ಮತ್ತು ಗೆಳೆಯರು ಹಿಂದೆ ಬಿದ್ದು ಕೆಲಸ ಮಾಡಿಸಿದವರು. ಕಾಲ್ಡೆರಾದ ಕಾಗದ ಅಚ್ಚುಕಟ್ಟು: ಯಾವ ಆವೃತ್ತಿ ಸೇರಿದೆ, ಯಾವುದು ಸೇರಿಲ್ಲ ಅಂತ ಬಿಡಿಸಿ ಹೇಳಿತ್ತು. ಸಿಸ್ಟಂ 3, ಸಿಸ್ಟಂ 5 ಇಲ್ಲ ಅಂತಲೂ ಬರೆದಿತ್ತು. ಇಷ್ಟಾದ ಮೇಲೆ ಅದೇ ಕಂಪನಿ ಎಸ್‌ಸಿಓ ಅಂತ ಹೆಸರು ಬದಲಿಸಿಕೊಂಡು ಯುನಿಕ್ಸ್ ನಮ್ಮದು ಅಂತ ಕೋರ್ಟಿಗೆ ಹೋಯಿತು. 2010ರಲ್ಲಿ ಅಮೆರಿಕದ ಜ್ಯೂರಿ, ಕಾಪಿರೈಟು ನೋವೆಲ್ ಬಿಟ್ಟು ಹೋಗಿಯೇ ಇಲ್ಲ ಅಂತ ತೀರ್ಮಾನ ಕೊಟ್ಟಿತು. ಅಂದರೆ ದಾನ ಕೊಟ್ಟವರ ಕೈಯಲ್ಲಿ ಕೊಡುವ ಹಕ್ಕೇ ಇತ್ತಾ ಅನ್ನುವ ಪ್ರಶ್ನೆ ಹುಟ್ಟಿತು.

ಮೂರನೆಯದು ಗಡುವಿನ ತೊಡಕು. ಡಿಇಸಿ ಕಂಪನಿಯ ದೊಡ್ಡ ಯಂತ್ರಗಳನ್ನು ನಡೆಸುವ ವಿಎಂಎಸ್ ತಂತ್ರಾಂಶಕ್ಕೆ 1997ರಿಂದ ಹವ್ಯಾಸಿಗಳ ಲೈಸೆನ್ಸ್ ಇತ್ತು. ಬಿಟ್ಟಿ, ಆದರೆ ವರ್ಷ ವರ್ಷ ಹೊಸ ಕೀ ಹಾಕಿಸಿಕೊಳ್ಳಬೇಕು. ಡಿಇಸಿಯನ್ನು ಕಾಂಪ್ಯಾಕ್ ಕೊಂಡಿತು, ಕಾಂಪ್ಯಾಕನ್ನು ಎಚ್‌ಪಿ ಕೊಂಡಿತು, ಲೈಸೆನ್ಸ್ ನಡೆದುಕೊಂಡು ಬಂತು. 2020ರಲ್ಲಿ ಆ ಕಡೆಯಿಂದ ಕೀ ಕೊಡುವುದು ನಿಂತಿತು. ಕೊಟ್ಟಿದ್ದ ಕೀಗಳಿಗೆ 2021ರ ಕೊನೆಯೇ ಗಡುವು. ವಿಎಸ್‌ಐ ಅನ್ನುವ ಹೊಸ ಕಂಪನಿ ಮುಂದಿನ ಯಂತ್ರಗಳಿಗೆ ತನ್ನದೇ ಲೈಸೆನ್ಸ್ ಶುರು ಮಾಡಿತು. ಎಲ್ಲಕ್ಕಿಂತ ಹಳೆಯ ವ್ಯಾಕ್ಸ್ ಯಂತ್ರದ ಹಕ್ಕು ಅವರ ಹತ್ತಿರ ಇಲ್ಲವಾದ್ದರಿಂದ ವ್ಯಾಕ್ಸ್ ಇಟ್ಟುಕೊಂಡವರು ಹೊರಗುಳಿದರು. ನನ್ನ ಅಭಿಪ್ರಾಯ ಕೇಳಿದರೆ, ವರ್ಷಕ್ಕೊಮ್ಮೆ ಕೈಚಾಚಿ ತರಬೇಕಾದ ಬಿಟ್ಟಿ ಲೈಸೆನ್ಸಿಗಿಂತ ಒಂದೇ ಸಲ ಕೊಟ್ಟ ನೂರು ಡಾಲರಿನ ಲೈಸೆನ್ಸ್ ಎಷ್ಟೋ ವಾಸಿ.

ಈಗ ಗಂಜಿಗೆ ಬರೋಣ. ಎಂಬತ್ತರ ಕೊನೆ, ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಅಡತ್ ಅಂಗಡಿ, ಜಿನ್ನಿಂಗ್ ಮಿಲ್ಲು, ರೈಸ್ ಮಿಲ್ಲುಗಳಿಗೆ ಊರಿನವರೇ ಡಿಬೇಸ್, ಕ್ಲಿಪ್ಪರ್, ಫಾಕ್ಸ್‌ಪ್ರೋ ಅನ್ನುವ ಡಾಟಾಬೇಸ್ ತಂತ್ರಾಂಶಗಳಲ್ಲಿ ಪ್ರೋಗ್ರಾಮು ಬರೆದುಕೊಟ್ಟರು. ಹತ್ತಿ ತೂಕ, ದರ, ಹಮಾಲಿ, ಮುಂಗಡ ಕಳೆದು ರೈತನ ಪಟ್ಟಿ ತೆಗೆಯುವ ಪ್ರೋಗ್ರಾಮು. ಇಂಥವನ್ನು ದೂರದ ಯಾವ ಮ್ಯೂಸಿಯಂ ಕೂಡ ಕೂಡಿಡುವುದಿಲ್ಲ. ಬರೆದವರಲ್ಲಿ ಬಹಳ ಜನ ಇನ್ನೂ ನಮ್ಮ ನಡುವೆಯೇ ಇದ್ದಾರೆ. ಸಂಜೆ ತೀನ್ ಕಂದೀಲ್ ಹತ್ತಿರ ಚಹಾ ಕುಡಿಯುವಾಗ ಸಿಗುತ್ತಾರೆ.

ಅವರನ್ನು ಕೇಳಿದರೆ ಬರುವ ಉತ್ತರವೂ ಗೊತ್ತು. "ಅಯ್ಯ, ಅದಿನ್ನೂ ಐತೇನು ನಿಮ್ ಕಡೆ? ತಗೊಂಡು ಹೋಗ್ರಿ, ಯಾರ್ ಬ್ಯಾಡ ಅಂತಾರ?" ಇಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕಾಯ್ದೆಯ 30ನೇ ಕಲಂ ಅನುಮತಿ ಬರಹದಲ್ಲಿ ಇರಬೇಕು ಅನ್ನುತ್ತದೆ. ಬರಹ ಬರೀ "ಕೊಟ್ಟಿದ್ದೇನೆ" ಅಂದರೂ ಸಾಲದು. 19ನೇ ಕಲಂ ಹಕ್ಕು ಬರೆದುಕೊಡುವುದರ ಬಗ್ಗೆ ಇದೆ, 30ಎ ಅದನ್ನು ಲೈಸೆನ್ಸಿಗೂ ತಂದು ಜೋಡಿಸುತ್ತದೆ. ಅದರ ಪ್ರಕಾರ ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲಿ ಅಂತ ಬರೆಯದಿದ್ದರೆ ಭಾರತದ ಒಳಗೆ ಮಾತ್ರ. ಬೇರೆ ಮಾತು ಬರೆಯದೆ ಒಂದು ವರ್ಷ ಬಳಸದೆ ಇಟ್ಟರೆ ಹಕ್ಕು ಬಿದ್ದುಹೋದಂತೆ. ಬರಹಗಾರರನ್ನು ಪ್ರಕಾಶಕರ ಕೈಯಿಂದ ಕಾಯುವುದಕ್ಕೆ ಮಾಡಿದ ನಿಯಮಗಳು ಇವು, ಒಳ್ಳೆಯವೇ. ಆದರೆ ನಮ್ಮಂಥವರು ಒಂದು ಸಾಲಿನ ಚೀಟಿ ತಗೊಂಡು ಅಲ್ಮಾರಿಯಲ್ಲಿ ಇಟ್ಟರೆ ಅದೇ ನಿಯಮ ನಮಗೆ ಉರುಳಾಗುತ್ತದೆ.

ಅದಕ್ಕೆ ನಾನು ಇಟ್ಟುಕೊಂಡಿರುವ ಸಾಲು ಇದು, ಬೇಕಾದರೆ ಬರೆದುಕೊಳ್ಳಿ: "ಈ ಕೆಳಗೆ ಹೆಸರಿಸಿದ ಪ್ರೋಗ್ರಾಮನ್ನು, ಅದರ ಸೋರ್ಸ್ ಕೋಡ್ ಸಮೇತ, ಯಾರು ಬೇಕಾದರೂ, ಯಾವ ದೇಶದಲ್ಲಾದರೂ, ಕಾಪಿರೈಟ್ ಅವಧಿ ಮುಗಿಯುವ ತನಕ, ಹಣ ಕೊಡದೆ ಬಳಸಬಹುದು, ಕಾಪಿ ಮಾಡಬಹುದು, ತಿದ್ದಬಹುದು, ಹಂಚಬಹುದು. ಒಂದು ವರ್ಷದೊಳಗೆ ಬಳಸದಿದ್ದರೂ ಈ ಅನುಮತಿ ರದ್ದಾಗುವುದಿಲ್ಲ. ಇದನ್ನು ನಾನಾಗಲಿ ನನ್ನ ವಾರಸುದಾರರಾಗಲಿ ಹಿಂದಕ್ಕೆ ಪಡೆಯುವುದಿಲ್ಲ. ಪ್ರೋಗ್ರಾಮು ಇದ್ದ ಹಾಗೆ ಕೊಟ್ಟಿದ್ದೇನೆ, ಅದರ ದೋಷಕ್ಕೆ ನಾನು ಜವಾಬ್ದಾರನಲ್ಲ." ಕೆಳಗೆ ಪ್ರೋಗ್ರಾಮಿನ ಹೆಸರು, ಆವೃತ್ತಿ, ಬರೆದ ವರ್ಷ, ಸಹಿ, ತಾರೀಖು. ಎಂಐಟಿ ಲೈಸೆನ್ಸನ್ನೇ ಹಾಕಿದರೂ ಆಯಿತು. ಅದರ ಮೇಲೆ ದೇಶ ಮತ್ತು ಅವಧಿಯ ಈ ಮಾತು ಸೇರಿಸಿ. ಕೊನೆ ಸಾಲು ಬಿಡಬೇಡಿ. ಪ್ರೋಗ್ರಾಮು ಬರೆದವರಿಗೆ ನಿಜವಾದ ಹೆದರಿಕೆ ಇರುವುದು ಅಲ್ಲೇ: "ನಾಳೆ ಓಡವಲ್ದು ಅಂತ ನನಗ ಫೋನ್ ಹಚ್ಚಬಾರದು ನೋಡ್ರಿ."

ಇಲ್ಲಿ ಮುಂದೆ ಕೂತಿದ್ದ ಒಬ್ಬರು ಸಾವುಕಾರ್ರು ಎದ್ದು ಕೇಳಿದರು: "ದುಡ್ಡು ಕೊಟ್ಟು ಬರೆಸಿದ್ದು ನಾನು. ಅದು ನಂದೇ ಅಲ್ಲೇನ್ರಿ?" ಬಹಳ ಒಳ್ಳೆ ಪ್ರಶ್ನೆ. 17ನೇ ಕಲಂ ಹೇಳುವುದು ಹೀಗೆ. ನಿಮ್ಮಲ್ಲಿ ಸಂಬಳದ ಕೆಲಸಕ್ಕಿದ್ದ ಮನುಷ್ಯ ಆ ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದು ನಿಮ್ಮದು. ಹೊರಗಿನ ಹುಡುಗನಿಗೆ ಗುತ್ತಿಗೆ ಕೊಟ್ಟು ಬರೆಸಿದ್ದರೆ ಕಾಪಿರೈಟು ಅವನದೇ, ನಿಮಗೆ ಬರೆದುಕೊಟ್ಟಿರದ ಹೊರತು. ನಿಮಗೆ ಇರುವುದು ಬಳಸುವ ಹಕ್ಕು. ಸಭೆಯಲ್ಲಿ ಸ್ವಲ್ಪ ಗುಜುಗುಜು ಆಯಿತು. ನನ್ನ ಸಲಹೆ ಸರಳ: ಅನುಮಾನ ಇದ್ದ ಕಡೆ ಇಬ್ಬರ ಸಹಿಯನ್ನೂ ಹಾಕಿಸಿ. ಯುನಿಕ್ಸ್‌ನವರು ಕೋರ್ಟಿನಲ್ಲಿ ಕಳೆದ ವರ್ಷಗಳನ್ನು ನೆನೆದರೆ ಇನ್ನೊಂದು ಸಹಿ ಏನೂ ಭಾರ ಅಲ್ಲ.

ಸಾವುಕಾರ್ರ ಸಹಿ ಬೇಕಾಗುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಆ ಫ್ಲಾಪಿಯಲ್ಲಿ ಪ್ರೋಗ್ರಾಮಿನ ಜೊತೆ ಅಂಗಡಿಯ ಲೆಕ್ಕವೂ ಕೂತಿರುತ್ತದೆ. ಒಂದು ಅಡತ್ ಅಂಗಡಿಯಿಂದ ನನಗೆ ಡಿಸ್ಕ್ ಬಂತು. "ಡಾಟಾ ಎಲ್ಲ ಡಿಲೀಟ್ ಮಾಡೀವಿ, ಹುಡುಗ್ರಿಗೆ ಹಂಚ್ರಿ" ಅಂದರು. ಫಾಕ್ಸ್‌ಪ್ರೋದಲ್ಲಿ, ಲೆಕ್ಕ ಕೂತಿರುವ ಡಿಬಿಎಫ್ ಫೈಲ್ ತೆರೆದೆ. ಪರದೆ ಖಾಲಿ. ಆದರೆ ಫೈಲಿನ ಸೈಜ್ ಖಾಲಿ ಫೈಲಿನ ಸೈಜ್ ಅಲ್ಲ. ಕಮಾಂಡ್ ಕಿಟಕಿಯಲ್ಲಿ ಸೆಟ್ ಡಿಲೀಟೆಡ್ ಆಫ್, ಅಂದರೆ ಡಿಲೀಟ್ ಆದದ್ದನ್ನೂ ತೋರಿಸು ಅಂತ ಹೊಡೆದು ಬ್ರೌಸ್ ಕೊಟ್ಟೆ. ಇಡೀ ಊರು ಬಂದು ನಿಂತಿತು. ಸಿರವಾರದವರು, ಮಾನ್ವಿಯವರು, ದೇವದುರ್ಗದವರು. ಹೆಸರು, ಊರು, ತೂಕ, ದರ, ಮುಂಗಡ ಎಷ್ಟು, ಉದ್ರಿ ಬಾಕಿ ಎಷ್ಟು. ಯಾರ ಮನೆಯಲ್ಲಿ ಯಾವ ವರ್ಷ ಕೈ ಬಿಗಿಯಾಗಿತ್ತು ಅನ್ನುವುದು ಸಾಲು ಸಾಲಾಗಿ.

ಕಾರಣ ಇದು. ಡಿಬೇಸ್ ಕುಟುಂಬದ ಫೈಲುಗಳಲ್ಲಿ ಪ್ರತಿ ದಾಖಲೆಯ ಮೊದಲ ಬೈಟ್ ಒಂದು ಗುರುತು. ಅಲ್ಲಿ ಖಾಲಿ ಜಾಗ ಇದ್ದರೆ ದಾಖಲೆ ಜೀವಂತ, ನಕ್ಷತ್ರದ ಚಿಹ್ನೆ ಇದ್ದರೆ ಡಿಲೀಟ್ ಆಗಿದೆ ಅಂತ ಅರ್ಥ. ಡಿಲೀಟ್ ಕಮಾಂಡು ಮಾಡುವುದು ಆ ಚಿಹ್ನೆ ಹಾಕುವುದನ್ನು ಮಾತ್ರ. ಗುರುತು ಹಾಕಿದ್ದನ್ನು ತೆಗೆದುಹಾಕುವ ಪ್ಯಾಕ್ ಕಮಾಂಡು ಕೊಡುವ ತನಕ ದಾಖಲೆ ಅಲ್ಲೇ ಇರುತ್ತದೆ. ಪ್ಯಾಕ್ ಕೊಟ್ಟರೂ, ಎಲ್ಲ ದಾಖಲೆ ತೆಗೆಯುವ ಝ್ಯಾಪ್ ಕೊಟ್ಟರೂ ಡಿಸ್ಕಿನ ಮೇಲೆ ಹಳೆ ಡಾಟಾ ಉಳಿದಿರಬಹುದು. ಹಾಗಾಗಿ ಆ ಫ್ಲಾಪಿಯ ಇಮೇಜ್ (ಇಡೀ ಡಿಸ್ಕಿನ ನಕಲು) ಇದ್ದಂತೆ ಹಂಚಲೇಬಾರದು. ಪ್ರೋಗ್ರಾಮಿನ ಫೈಲುಗಳನ್ನು ಮಾತ್ರ ಆರಿಸಿ ಹೊಸ ಡಿಸ್ಕಿಗೆ ಹಾಕಿ. ಡಿಬಿಎಫ್ ಬೇಕೇ ಬೇಕಲ್ಲ, ಇಲ್ಲದಿದ್ದರೆ ಪ್ರೋಗ್ರಾಮು ಓಡುವುದಿಲ್ಲ. ಅದನ್ನು ಹೊಸದಾಗಿ ರಚಿಸಿ, ಸುಳ್ಳು ಹೆಸರಿನ ನಾಲ್ಕು ಸಾಲು ತುಂಬಿ. ಪ್ರೋಗ್ರಾಮು ಬರೆದವರು ಕಾಪಿರೈಟ್ ಬಿಟ್ಟುಕೊಡಬಹುದು. ಸಿರವಾರದ ರೈತನ ಸಾಲದ ಲೆಕ್ಕ ಬಿಟ್ಟುಕೊಡುವ ಹಕ್ಕು ಅವರಿಗೂ ಇಲ್ಲ, ಸಾವುಕಾರ್ರಿಗೂ ಇಲ್ಲ.

ಒಂದು ಪ್ರೋಗ್ರಾಮಿನೊಳಗೆ ಬೇರೆಯವರ ಮಾಲು ಸೇರಿರುವುದನ್ನೂ ನೋಡಬೇಕು. 1997ರಲ್ಲಿ ಡೂಮ್ ಆಟದ ಸೋರ್ಸ್ ಬಿಟ್ಟಾಗ ಡಾಸ್ ಬದಲು ಲಿನಕ್ಸ್ ಆವೃತ್ತಿ ಕೊಟ್ಟರು. ಡಾಸ್‌ನದರಲ್ಲಿ ಸೌಂಡಿನ ಲೈಬ್ರರಿ ಬೇರೆಯವರದು. ನಮ್ಮಲ್ಲೂ ಹಾಗೇ. ಊರಿನ ಪ್ರೋಗ್ರಾಮರ್ ತಾನು ಬರೆದ ಪಿಆರ್‌ಜಿ (ಪ್ರೋಗ್ರಾಮಿನ) ಫೈಲುಗಳನ್ನು ಕೊಡಬಹುದು, ಫಾಕ್ಸ್‌ಪ್ರೋವನ್ನೇ ಕೊಡಲು ಬರುವುದಿಲ್ಲ. ಅದು 1992ರಿಂದ ಮೈಕ್ರೋಸಾಫ್ಟ್ ಸ್ವತ್ತು. ಕ್ಲಿಪ್ಪರಿನಲ್ಲಿ ಬರೆದಿದ್ದರೆ ಹಾರ್ಬರ್ ಅನ್ನುವ ಮುಕ್ತ ಕಂಪೈಲರ್ ಇದೆ, ಸ್ವಲ್ಪ ತಿದ್ದಿದರೆ ಬಹಳಷ್ಟು ಓಡುತ್ತದೆ. ಡಾಸ್ ಬದಲಿಗೆ ಜಿಮ್ ಹಾಲ್ 1994ರಲ್ಲಿ ಶುರು ಮಾಡಿದ ಫ್ರೀಡಾಸ್ ಹಾಕಿಕೊಳ್ಳಿ.

ಕಾಲೇಜಿನ ಹುಡುಗರಿಗೆ ಒಂದು ಮಾತು. ಡಾಸ್ ಪ್ರೋಗ್ರಾಮುಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಒಳಗೆ ನೀಲಿ ಪರದೆಯ ಟರ್ಬೋ ಸಿ ಪ್ಲಸ್ ಪ್ಲಸ್ ಓಡಿಸುತ್ತೀರಲ್ಲ, ಅದು ಬಿಟ್ಟಿ ಅಂತ ಎಲ್ಲರೂ ನಂಬಿದ್ದಾರೆ. ಬೋರ್ಲ್ಯಾಂಡ್ ಬಿಟ್ಟಿ ಕೊಟ್ಟ ಹಳೆ ಸಾಮಾನಿನಲ್ಲಿ ಟರ್ಬೋ ಸಿ 2.01, ಟರ್ಬೋ ಸಿ ಪ್ಲಸ್ ಪ್ಲಸ್ 1.01, ಕೆಲವು ಟರ್ಬೋ ಪ್ಯಾಸ್ಕಲ್‌ಗಳು ಇದ್ದವು. ಲ್ಯಾಬುಗಳಲ್ಲಿ ಓಡುವ 3.0 ಅದರಲ್ಲಿ ಇರಲಿಲ್ಲ. ಆವೃತ್ತಿಯ ನಂಬರ್ ನೋಡಿಯೇ ಮಾತಾಡಬೇಕು.

ಡಿಟಿಪಿಯವರ ಸಂಕಟ ಬೇರೆ. ಯೂನಿಕೋಡ್ ಬರುವ ಮುಂಚೆ ಟೈಪ್ ಮಾಡಿದ ಕನ್ನಡ ಫೈಲು ಆ ಫಾಂಟ್ ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟಿನ ಹಕ್ಕು ಒಬ್ಬರದು, ತಂತ್ರಾಂಶದ ಹಕ್ಕು ಇನ್ನೊಬ್ಬರದು ಇರಬಹುದು, ಎರಡಕ್ಕೂ ಅನುಮತಿ ಬೇಕು. ಬೆಂಗಳೂರಿನ ಸೈಬರ್‌ಸ್ಕೇಪ್ ಕಂಪನಿ ತನ್ನ ಆಕೃತಿ ಫಾಂಟುಗಳಲ್ಲಿ ಕೆಲವನ್ನು, ಕನ್ನಡವೂ ಸೇರಿ ಒಂಬತ್ತು ಲಿಪಿಗಳಿಗೆ, ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನಡಿಯಲ್ಲಿ ಬಿಟ್ಟುಕೊಟ್ಟಿದೆ. ಉಳಿದವರನ್ನು ಕೇಳುವಾಗ ಈ ಉದಾಹರಣೆ ತೋರಿಸಿ, ಕೆಲಸಕ್ಕೆ ಬರುತ್ತದೆ. ಇನ್ನು ತಂತ್ರಾಂಶ ಓಡಲು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಬೇಕಾದ ಲಾಕ್ ಇದೆಯಲ್ಲ, ಅದು ಕೆಟ್ಟಿದ್ದರೆ ಏನು ಮಾಡುವುದು ಅಂತ ಹಲವರು ಕೇಳಿದರು. 2012ರಲ್ಲಿ ಸೇರಿದ 65ಎ ಕಲಂ, ಹಕ್ಕು ಮುರಿಯುವ ಉದ್ದೇಶದಿಂದ ಇಂಥ ಲಾಕ್ ಒಡೆಯುವುದನ್ನು ಅಪರಾಧ ಮಾಡಿದೆ. ಅದಕ್ಕೇ ಅನುಮತಿ ಕಾಗದದಲ್ಲಿ "ಲಾಕ್ ಇಲ್ಲದೆ ಓಡಿಸಲು ಬೇಕಾದ ಬದಲಾವಣೆಗೂ ಒಪ್ಪಿಗೆ ಇದೆ" ಅಂತ ಒಂದು ಸಾಲು ಹಾಕಿಸಿಬಿಡಿ.

ಬರೆದವರು ತೀರಿಕೊಂಡಿದ್ದರೆ? ವಾರಸುದಾರರೆಲ್ಲರ ಸಹಿ. ಆಸ್ತಿಯ ಹಾಗೇ ಇದೂ ಪಾಲಾಗುತ್ತದೆ. ಕಂಪನಿ ಮುಚ್ಚಿ, ಹುಡುಕಿದರೂ ಯಾರೂ ಸಿಗದಿದ್ದರೆ? 31ಎ ಕಲಂನಲ್ಲಿ ದಾರಿ ಇದೆ: ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅರ್ಜಿ ಹಾಕಿ ಲೈಸೆನ್ಸ್ ಪಡೆಯಬಹುದು. ಒಂದು ಬಿಲ್ಲಿಂಗ್ ಪ್ರೋಗ್ರಾಮಿಗೆ ಅಷ್ಟು ಓಡಾಟ, ಖರ್ಚು ಯಾರೂ ಮಾಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಲೈಬ್ರರಿಗೆ ಕೊಟ್ಟರೆ ಆಗಲ್ವಾ ಅಂತ ಒಬ್ಬ ಹುಡುಗಿ ಕೇಳಿದಳು. ಲಾಭಕ್ಕಲ್ಲದ ಸಾರ್ವಜನಿಕ ಲೈಬ್ರರಿ ತನ್ನಲ್ಲಿರುವ ಕೃತಿಯನ್ನು ಉಳಿಸಲು ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಬಹುದು, ಆದರೆ ಡಿಜಿಟಲ್ ಅಲ್ಲದ ಪ್ರತಿ ಅದರ ಬಳಿ ಇರಬೇಕು ಅನ್ನುತ್ತದೆ ಕಾಯ್ದೆ. ಅಚ್ಚಾದ ಮ್ಯಾನುಯಲ್ಲಿಗೆ ಇದು ಹೊಂದುತ್ತದೆ. ಫ್ಲಾಪಿಗೆ ಹೊಂದುವುದಿಲ್ಲ.

ಕಡೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: "ಸರ್, ಸಹಿ ಸಿಗೋ ತನಕ ಫ್ಲಾಪಿ ಹಾಳಾದ್ರೆ?" ನ್ಯಾಯವಾಗಿ ನಿಮ್ಮ ಕೈಗೆ ಬಂದ ಪ್ರತಿಯಾದರೆ, ಅದು ಹಾಳಾದೀತು ಅಂತ ಬ್ಯಾಕಪ್ ಮಾಡಿಟ್ಟುಕೊಳ್ಳಲು 52ನೇ ಕಲಂ ಬಿಡುತ್ತದೆ. ಮಾಡಿಕೊಳ್ಳಿ, ಇವತ್ತೇ ಮಾಡಿಕೊಳ್ಳಿ. ಹಂಚುವುದು ಮಾತ್ರ ಕಾಗದ ಬಂದ ಮೇಲೆ. ಡ್ರೈವಿಗೆ ಹಾಕುವ ಮುಂಚೆ ರೈಟ್ ಪ್ರೊಟೆಕ್ಟ್ ನೋಡಿ: ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಆ ಸಣ್ಣ ಕಿಂಡಿ ತೆರೆದಿರಬೇಕು, ಐದೂಕಾಲು ಇಂಚಿನದರಲ್ಲಿ ಪಕ್ಕದ ಕಚ್ಚನ್ನು ಪಟ್ಟಿ ಅಂಟಿಸಿ ಮುಚ್ಚಬೇಕು. ಬೂಷ್ಟು ಹಿಡಿದಿದ್ದರೆ ಹಾಕಬೇಡಿ, ಡ್ರೈವಿನ ಹೆಡ್ಡೂ ಕೆಡುತ್ತದೆ, ಮುಂದೆ ಬರುವ ಫ್ಲಾಪಿಯೂ ಕೆಡುತ್ತದೆ. ಅಂಥವನ್ನು ಬೇರೆ ಕವರಿನಲ್ಲಿ ಹಾಕಿ ನನ್ನ ಕಡೆ ಕೊಡಿ, ಸ್ವಚ್ಛ ಮಾಡಿ ನೋಡುತ್ತೇನೆ.